ಅರ್ಧ ಅಂಕದ ಚರಿತ್ರೆ

2004ರ ಮಾರ್ಚ್ 18ರಂದು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಒಂದು ಚೆಸ್ ಆಟ 52 ನಡೆಗಳ ನಂತರ ಡ್ರಾ ಆಯಿತು. ಬಿಳಿಕಾಯಿ ಆಡಿದವನು ನಾರ್ವೆಯ 13 ವರ್ಷದ ಹುಡುಗ ಮ್ಯಾಗ್ನಸ್ ಕಾರ್ಲ್‌ಸನ್. ಕಪ್ಪುಕಾಯಿ ಆಡಿದವರು ಗ್ಯಾರಿ ಕ್ಯಾಸ್ಪರೋವ್. 1985ರಿಂದ 2000ದವರೆಗೆ ವಿಶ್ವ ಚಾಂಪಿಯನ್ ಆಗಿದ್ದವರು. ಪಟ್ಟ ಕಳೆದುಕೊಂಡ ಮೇಲೂ ಜಗತ್ತಿನ ರೇಟಿಂಗ್ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ಹುಡುಗನಿಗೆ ಆಗಿನ್ನೂ ಗ್ರ್ಯಾಂಡ್‌ಮಾಸ್ಟರ್ ಪದವಿ ಕೂಡ ಬಂದಿರಲಿಲ್ಲ, ಅದು ಬಂದದ್ದು ಮುಂದಿನ ತಿಂಗಳು.

ಆ ದಿನದ ವಿಡಿಯೊ ತುಣುಕುಗಳು ಈಗಲೂ ನೋಡಲು ಸಿಗುತ್ತವೆ. ಹುಡುಗ ತನ್ನ ನಡೆ ಮುಗಿಸಿ, ಕುರ್ಚಿಯಿಂದೆದ್ದು, ಪಕ್ಕದ ಮೇಜುಗಳಲ್ಲಿ ಏನು ನಡೆಯುತ್ತಿದೆ ಎಂದು ನೋಡಲು ಹೋಗುತ್ತಾನೆ. ಇತ್ತ ಕ್ಯಾಸ್ಪರೋವ್ ಹಲಗೆಯ ಮೇಲೆ ಬಾಗಿ ಕುಳಿತಿದ್ದಾರೆ. ಮುಖದ ಭಾವವನ್ನು ಮುಚ್ಚಿಟ್ಟುಕೊಳ್ಳುವುದು ಅವರಿಗೆ ಎಂದೂ ಬಾರದ ವಿದ್ಯೆ. ಆಟ ಮುಗಿದ ಕೂಡಲೇ ಅವರು ಕೈಕುಲುಕಿ ಎದ್ದು ಹೊರಟುಬಿಡುತ್ತಾರೆ. ಸೋತವರು ಹೊರಡುವ ಹಾಗೆ.

ಆದರೆ ಅವರು ಸೋತಿರಲಿಲ್ಲ. ಫಲಿತಾಂಶದ ಅಂಕಣದಲ್ಲಿ ಇಬ್ಬರ ಹೆಸರಿನ ಮುಂದೆಯೂ ಇರುವುದು ಒಂದೇ ಗುರುತು: ½.

ನಾನು ಚರಿತ್ರೆಯ ವಿದ್ಯಾರ್ಥಿ. ಚೆಸ್‌ನಲ್ಲಿ ನನ್ನ ಆಟ ಹೇಳಿಕೊಳ್ಳುವಂಥದ್ದಲ್ಲ. ಈ ಡ್ರಾ ನನ್ನನ್ನು ಹಿಡಿದಿಟ್ಟದ್ದು ಬೇರೆ ಕಾರಣಕ್ಕೆ. ದಾಖಲೆಯಲ್ಲಿ ಇಬ್ಬರಿಗೂ ಸಮನಾಗಿ ಹಂಚಿರುವ ಆ ಅರ್ಧ ಇಬ್ಬರ ಮನೆಯಲ್ಲೂ ಒಂದೇ ಅಲ್ಲ. ಒಬ್ಬನಿಗೆ ಅದು ಗಳಿಕೆ, ಇನ್ನೊಬ್ಬರಿಗೆ ನಷ್ಟ. ಬಲದಲ್ಲಿ ಅಂತರವಿರುವ ಇಬ್ಬರು ಸಮ ಮಾಡಿಕೊಂಡಾಗ ಆ ಸಮ ಎನ್ನುವುದನ್ನು ಹೇಗೆ ಓದಬೇಕು? ಮುಂದೆ ನಡೆದದ್ದೆಲ್ಲ ನಮಗೆ ಗೊತ್ತಿರುವಾಗ ಅದನ್ನು ಇದ್ದ ಹಾಗೆ ಓದಲು ಸಾಧ್ಯವೇ?

*

ಮೊದಲು ಈ ಅರ್ಧ ಅಂಕ ಎಲ್ಲಿಂದ ಬಂತು ಎಂದು ನೋಡೋಣ. ಡ್ರಾ ಎಂದರೆ ಅರ್ಧ ಎನ್ನುವುದು ನಮಗೀಗ ಎಷ್ಟು ಸಹಜವೆಂದರೆ, ಆಟದ ಜೊತೆಯಲ್ಲೇ ಹುಟ್ಟಿದ ನಿಯಮ ಅದು ಅನಿಸುತ್ತದೆ. ಹಾಗಲ್ಲ. ಚೆಸ್‌ನ ದೀರ್ಘ ಇತಿಹಾಸದಲ್ಲಿ ಅದು ನಿನ್ನೆ ಮೊನ್ನೆಯದು.

ಮೊದಲ ಅಂತರರಾಷ್ಟ್ರೀಯ ಟೂರ್ನಿ ನಡೆದದ್ದು 1851ರಲ್ಲಿ, ಲಂಡನ್ನಿನಲ್ಲಿ, ಅಲ್ಲಿನ ಮಹಾ ಪ್ರದರ್ಶನದ ಸಂದರ್ಭದಲ್ಲಿ. ಅದು ಸೋತವರು ಹೊರಬೀಳುವ ಮಾದರಿಯ ಟೂರ್ನಿ, ಅಲ್ಲಿ ಡ್ರಾ ಲೆಕ್ಕಕ್ಕೇ ಇರಲಿಲ್ಲ. 1862ರಲ್ಲಿ ಲಂಡನ್ನಿನಲ್ಲೇ ಎಲ್ಲರೂ ಎಲ್ಲರೊಡನೆ ಆಡುವ ಟೂರ್ನಿ ನಡೆಯಿತು. ಅಲ್ಲೂ ಡ್ರಾ ಆದ ಆಟವನ್ನು ಮತ್ತೆ ಆಡಬೇಕಿತ್ತು. ತೀರ್ಮಾನವಾಗದ ಆಟವೆಂದರೆ ನಡೆಯದ ಆಟ ಎನ್ನುವುದೇ ಅಂದಿನ ತಿಳಿವಳಿಕೆ.

1867ರಲ್ಲಿ ಒಂದೇ ವರ್ಷದೊಳಗೆ ಎರಡು ಟೂರ್ನಿಗಳು ಈ ಪ್ರಶ್ನೆಗೆ ಎರಡು ಬೇರೆ ಉತ್ತರ ಕೊಟ್ಟವು. ಪ್ಯಾರಿಸ್ಸಿನಲ್ಲಿ ಡ್ರಾ ಮಾಡಿಕೊಂಡರೆ ಇಬ್ಬರಿಗೂ ಸೊನ್ನೆ. ಗೆಲ್ಲಲಾಗದ ಇಬ್ಬರೂ ಸೋತ ಹಾಗೆ. ಕೆಲವೇ ತಿಂಗಳ ನಂತರ ಸ್ಕಾಟ್ಲೆಂಡಿನ ಡಂಡಿಯಲ್ಲಿ ಮೊದಲ ಬಾರಿಗೆ ಡ್ರಾಗೆ ಅರ್ಧ ಅಂಕ ಕೊಟ್ಟರು. ಆ ಟೂರ್ನಿಯನ್ನು ಗೆದ್ದವರು ಜರ್ಮನಿಯ ಗುಸ್ತಾವ್ ನಾಯ್‌ಮನ್. ಮುಂದೆ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆಗಲಿದ್ದ ವಿಲ್ಹೆಲ್ಮ್ ಸ್ಟೈನಿಟ್ಜ್ ಅವರ ಹಿಂದೆ ಉಳಿದರು.

ಅಷ್ಟಕ್ಕೇ ಎಲ್ಲರೂ ಒಪ್ಪಿಬಿಡಲಿಲ್ಲ. 1883ರ ಲಂಡನ್ ಟೂರ್ನಿಯಲ್ಲಿ ಡ್ರಾ ಆದರೆ ಮತ್ತೆ ಆಡಬೇಕು, ಅದೂ ಡ್ರಾ ಆದರೆ ಇನ್ನೊಮ್ಮೆ, ಮೂರನೆಯದೂ ಡ್ರಾ ಆದರೆ ಮಾತ್ರ ಅರ್ಧರ್ಧ ಎಂಬ ನಿಯಮವಿತ್ತು. ಅಂದರೆ ಇಬ್ಬರೂ ಸಮಬಲರು ಎನ್ನುವುದನ್ನು ಮೂರು ಸಲ ಸಾಬೀತು ಮಾಡಬೇಕಿತ್ತು!

ಸ್ಟೇಲ್‌ಮೇಟ್‌ನ ಕಥೆ ಇನ್ನೂ ವಿಚಿತ್ರ. ರಾಜನಿಗೆ ಶೆಕ್ ಇಲ್ಲ, ಆದರೆ ನಡೆಯಲು ಯಾವ ಕಾಯಿಗೂ ದಾರಿಯಿಲ್ಲ. ಇಂದು ಅದು ಡ್ರಾ. ಆದರೆ ಹದಿನೇಳು, ಹದಿನೆಂಟನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಎದುರಾಳಿಯನ್ನು ಹಾಗೆ ಕಟ್ಟಿಹಾಕಿದವನೇ ಸೋತವನು. ಬಲಾಢ್ಯನಾಗಿದ್ದೂ ಎಚ್ಚರ ತಪ್ಪಿದ್ದಕ್ಕೆ ದಂಡ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಷ್ಟೇ ಅಲ್ಲಿ ಅದು ಡ್ರಾ ಆಗಿ ಬದಲಾಯಿತು.

ಇಷ್ಟನ್ನೂ ಹೇಳಿದ್ದು ಒಂದು ಕಾರಣಕ್ಕೆ. ‘ಯಾರೂ ಗೆಲ್ಲಲಿಲ್ಲ’ ಎಂಬುದು ಹಲಗೆಯ ಮೇಲೆ ನಡೆಯುವ ಘಟನೆ. ಅದಕ್ಕೆ ಬೆಲೆ ಕಟ್ಟುವುದು ಮಾತ್ರ ಜನ. ಒಂದು ಕಾಲ ಸೊನ್ನೆ ಎಂದಿತು, ಇನ್ನೊಂದು ಮತ್ತೆ ಆಡಿ ಎಂದಿತು, ಮತ್ತೊಂದು ಅರ್ಧ ಎಂದಿತು. 1867ರ ಪ್ಯಾರಿಸ್ಸಿನ ನಿಯಮ ರೇಕ್ಯಾವಿಕ್‌ನಲ್ಲಿ ಇದ್ದಿದ್ದರೆ ಕಾರ್ಲ್‌ಸನ್‌ನ 52 ನಡೆಗಳಿಗೆ ಸಿಗುತ್ತಿದ್ದುದು ಸೊನ್ನೆ.

*

ಬಲದ ಅಂತರವನ್ನು ಅಳೆಯುವ ಕೋಲು ಬಂದದ್ದು ಇನ್ನೂ ತಡವಾಗಿ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಇಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಅದರ ತಿರುಳು ಸರಳ. ಇಬ್ಬರ ರೇಟಿಂಗ್‌ಗಳ ನಡುವಿನ ಅಂತರ ಗೊತ್ತಿದ್ದರೆ, ಪ್ರತಿ ಆಟಕ್ಕೆ ಸರಾಸರಿ ಎಷ್ಟು ಅಂಕ ನಿರೀಕ್ಷಿಸಬಹುದು ಎಂದು ಲೆಕ್ಕ ಹಾಕಬಹುದು. ಅಂತರ ಇಲ್ಲದಿದ್ದರೆ ಇಬ್ಬರಿಗೂ 0.50. ಅಂತರ 200 ಇದ್ದರೆ ಬಲಾಢ್ಯನಿಗೆ ಸುಮಾರು 0.76. ಅಂತರ 350ರ ಆಸುಪಾಸಿನಲ್ಲಿದ್ದರೆ 0.88. ರೇಕ್ಯಾವಿಕ್‌ನಲ್ಲಿ ಕ್ಯಾಸ್ಪರೋವ್ ಮತ್ತು ಕಾರ್ಲ್‌ಸನ್ ನಡುವೆ ಇದ್ದದ್ದು ಹೆಚ್ಚುಕಡಿಮೆ ಇಂಥದ್ದೇ ಅಂತರ.

ಹಾಗಾದರೆ ಆ ಡ್ರಾದಲ್ಲಿ ಹುಡುಗನಿಗೆ ಸಿಕ್ಕದ್ದು ಕೇವಲ ಅರ್ಧ ಅಂಕವಲ್ಲ. ಅವನಿಂದ ಲೆಕ್ಕ ನಿರೀಕ್ಷಿಸಿದ್ದು 0.12, ಅವನು ತಂದದ್ದು 0.50. ಕ್ಯಾಸ್ಪರೋವ್ ಅವರಿಂದ ನಿರೀಕ್ಷಿಸಿದ್ದು 0.88, ಅವರು ತಂದದ್ದೂ 0.50. ಅದು ರ‍್ಯಾಪಿಡ್ ಆಟವಾದ್ದರಿಂದ ಅಂದಿನ ರೇಟಿಂಗ್ ಪಟ್ಟಿಯ ಮೇಲೆ ಪರಿಣಾಮ ಬೀರಲಿಲ್ಲ. ಆದರೂ ಆ ಡ್ರಾ ಇಬ್ಬರಿಗೂ ಯಾಕೆ ಒಂದೇ ಅಲ್ಲ ಎನ್ನುವುದಕ್ಕೆ ಸಂಖ್ಯೆಯ ಭಾಷೆಯಲ್ಲಿ ಇದಕ್ಕಿಂತ ಸ್ಪಷ್ಟ ಉತ್ತರ ಇಲ್ಲ.

ಈ ಲೆಕ್ಕಕ್ಕೂ ಒಂದು ಕುರುಡಿದೆ. 0.88 ಎಂದರೆ ನೂರು ಆಟಗಳಲ್ಲಿ 88 ಗೆಲುವು, 12 ಸೋಲು ಇರಬಹುದು. 76 ಗೆಲುವು, 24 ಡ್ರಾ, ಒಂದೂ ಸೋಲಿಲ್ಲ ಎಂದೂ ಇರಬಹುದು. ಸೂತ್ರಕ್ಕೆ ಎರಡೂ ಒಂದೇ. ಆಗಾಗ ಗೆದ್ದೇಬಿಡುವ ದುರ್ಬಲ ಆಟಗಾರ ಬೇರೆ, ಗೆಲ್ಲದಿದ್ದರೂ ನಾಲ್ಕರಲ್ಲೊಂದು ಆಟದಲ್ಲಿ ಸೋಲದೆ ಉಳಿಯುವವನು ಬೇರೆ. ಆ ವ್ಯತ್ಯಾಸ ಬೇಕೆಂದರೆ ಆಟಗಳನ್ನೇ ಒಂದೊಂದಾಗಿ ತೆರೆದು ನೋಡಬೇಕು.

*

ತೆರೆದು ನೋಡೋಣ. ಬಿಳಿಯ ರಾಣಿಯ ಮುಂದಿನ ಕಾಲಾಳಿನಿಂದ ಆಟ ಶುರುವಾಯಿತು. ಆರನೆಯ ನಡೆಯಲ್ಲಿ ಕ್ಯಾಸ್ಪರೋವ್ ತಮ್ಮ ರಾಣಿಯನ್ನು ಎಡ ಅಂಚಿಗೆ ತಂದು, ಬಿಳಿಯ ಕುದುರೆಯನ್ನು ರಾಜನ ಮುಂದೆಯೇ ಕಟ್ಟಿಹಾಕಿದರು. ಈ ವಿಧಾನಕ್ಕೆ ಕೇಂಬ್ರಿಜ್ ಸ್ಪ್ರಿಂಗ್ಸ್ ರಕ್ಷಣೆ ಎಂದು ಹೆಸರು. ಅಮೆರಿಕದ ಪೆನ್ಸಿಲ್ವೇನಿಯಾದ ಆ ಪುಟ್ಟ ಊರಿನಲ್ಲಿ 1904ರಲ್ಲಿ, ಅಂದರೆ ರೇಕ್ಯಾವಿಕ್‌ಗಿಂತ ಸರಿಯಾಗಿ ನೂರು ವರ್ಷ ಹಿಂದೆ, ನಡೆದ ಟೂರ್ನಿಯಿಂದ ಬಂದ ಹೆಸರು ಅದು. ಆ ಟೂರ್ನಿಯಲ್ಲಿ ಅಂದಿನ ವಿಶ್ವ ಚಾಂಪಿಯನ್ ಇಮಾನ್ಯುಯೆಲ್ ಲಾಸ್ಕರ್‌ರನ್ನು ಎರಡು ಅಂಕ ಹಿಂದಿಕ್ಕಿ ಗೆದ್ದವರು ಅಮೆರಿಕದ ಫ್ರಾಂಕ್ ಮಾರ್ಷಲ್.

ಶತಮಾನದಷ್ಟು ಹಳೆಯ, ಎರಡೂ ಕಡೆಯವರು ಓದಿ ತಿಳಿಯಬಹುದಾದ ದಾರಿ. ಅಲ್ಲಿಂದ ಮುಂದೆ ಹುಡುಗ ಹಿಂಜರಿಯಲಿಲ್ಲ. ಮಧ್ಯದಾಟದಲ್ಲಿ ಅವನ ಕೈ ಮೇಲಾಯಿತು. ಗೆಲ್ಲಬಹುದಾದ ಅವಕಾಶಗಳೂ ಬಂದವು. ಗಡಿಯಾರ ಓಡುತ್ತಿತ್ತು, ಅನುಭವ ಎದುರಿಗೆ ಕುಳಿತಿತ್ತು. ಮೇಲುಗೈಯನ್ನು ಗೆಲುವಾಗಿ ಮಾರ್ಪಡಿಸಲು ಅವನಿಗೆ ಆಗಲಿಲ್ಲ.

ಈ ಆಟದ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ‘ಹುಡುಗ ಚಾಂಪಿಯನ್‌ನನ್ನು ಡ್ರಾಗೆ ಹಿಡಿದಿಟ್ಟ’ ಎನ್ನುತ್ತೇವೆ. ಹಲಗೆಯನ್ನು ನೋಡಿದರೆ ಹಿಡಿದುಕೊಂಡವರು ಕ್ಯಾಸ್ಪರೋವ್. ಕೆಟ್ಟ ಸ್ಥಿತಿಯಲ್ಲಿ ಜೀವ ಉಳಿಸಿಕೊಂಡವರು ಅವರು. ಬಲದ ಅಂತರ ಆ ಆಟದಲ್ಲಿ ಕೆಲಸ ಮಾಡದೆ ಬಿಡಲಿಲ್ಲ, ಆದರೆ ಅದು ಗೆಲುವಿನ ರೂಪದಲ್ಲಿ ಬರಲಿಲ್ಲ. ಸೋಲದೆ ಉಳಿಯುವ ಜಾಣ್ಮೆಯ ರೂಪದಲ್ಲಿ ಬಂತು.

ಆ ಜಾಣ್ಮೆಯನ್ನು ಕ್ಯಾಸ್ಪರೋವ್ ಎಲ್ಲಿ ಕಲಿತರು ಎನ್ನುವುದಕ್ಕೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕು. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಅನತೋಲಿ ಕಾರ್ಪೋವ್ ವಿರುದ್ಧ ವಿಶ್ವ ಪಟ್ಟಕ್ಕಾಗಿ ಆಡಲು ಕೂತಾಗ ಅವರಿಗೆ 21 ವರ್ಷ. ಮೊದಲು ಆರು ಆಟ ಗೆದ್ದವರಿಗೆ ಪಟ್ಟ, ಡ್ರಾಗಳಿಗೆ ಬೆಲೆಯಿಲ್ಲ ಎಂಬುದು ನಿಯಮ. ಒಂಬತ್ತು ಆಟ ಮುಗಿಯುವಷ್ಟರಲ್ಲಿ ಕಾರ್ಪೋವ್ ನಾಲ್ಕು ಗೆದ್ದಿದ್ದರು, ಕ್ಯಾಸ್ಪರೋವ್ ಒಂದೂ ಇಲ್ಲ. ಆಮೇಲೆ ಸಾಲಾಗಿ ಹದಿನೇಳು ಡ್ರಾ! 27ನೆಯ ಆಟ ಸೋತು 0–5 ಆದ ಮೇಲೂ ಅವರು ಬಿಡಲಿಲ್ಲ. 1985ರ ಫೆಬ್ರವರಿಯಲ್ಲಿ ಫಿಡೆಯ ಅಧ್ಯಕ್ಷರು ಪಂದ್ಯವನ್ನೇ ನಿಲ್ಲಿಸಿದಾಗ 48 ಆಟಗಳಾಗಿದ್ದವು, 40 ಡ್ರಾ. ಗೆಲುವುಗಳ ಲೆಕ್ಕ 5–3ಕ್ಕೆ ಬಂದಿತ್ತು. ಅದೇ ವರ್ಷ ಹೊಸದಾಗಿ ನಡೆದ ಪಂದ್ಯದಲ್ಲಿ ಕ್ಯಾಸ್ಪರೋವ್ ಪಟ್ಟ ಗೆದ್ದರು.

ಲೆಕ್ಕಕ್ಕೇ ಇಲ್ಲದ ಡ್ರಾಗಳಿಂದ ಅವರು ಗಳಿಸಿದ್ದು ಕಾಲ. ಎದುರಾಳಿಯನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಕಾಲ. ಹಿಂದೆ ಬಿದ್ದವನಿಗೆ ಡ್ರಾ ಎಂದರೆ ಏನು ಎನ್ನುವುದು ಜಗತ್ತಿನಲ್ಲಿ ಯಾರಿಗಾದರೂ ಮೈಯಲ್ಲಿ ಗೊತ್ತಿದ್ದರೆ ಅದು ಕ್ಯಾಸ್ಪರೋವ್‌ಗೆ. ರೇಕ್ಯಾವಿಕ್‌ನಲ್ಲಿ ಅವರು ಅಷ್ಟು ಬೇಗ ಎದ್ದು ಹೋದದ್ದರಲ್ಲಿ ಅದೂ ಸ್ವಲ್ಪ ಇತ್ತೇನೋ ಎಂದು ನನ್ನ ಊಹೆ.

*

ಅರ್ಧ ಅಂಕ ಯಾರಿಂದ ಬಂತು ಎನ್ನುವುದರ ಮೇಲೂ ಅದರ ಬೆಲೆ ನಿಲ್ಲುತ್ತದೆ. 1929ರಲ್ಲಿ ಜೆಕೊಸ್ಲೊವಾಕಿಯಾದ ಕಾರ್ಲ್ಸ್‌ಬಾದ್‌ನಲ್ಲಿ 22 ಮಂದಿಯ ದೊಡ್ಡ ಟೂರ್ನಿ ನಡೆಯಿತು. ಅವರಲ್ಲಿ ಒಬ್ಬರೇ ಹೆಂಗಸು, ವೆರಾ ಮೆನ್‌ಚಿಕ್. ಮಾಸ್ಕೋದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಅವರು 1927ರಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್ ಆಗಿದ್ದರು. ಅವರು ಇಲ್ಲಿಗೆ ಬರುವುದನ್ನು ಗೇಲಿ ಮಾಡಿದ ವಿಯೆನ್ನಾದ ಆಲ್ಬರ್ಟ್ ಬೆಕರ್, ಮೆನ್‌ಚಿಕ್‌ಗೆ ಸೋತವರನ್ನೆಲ್ಲ ಸೇರಿಸಿ ‘ವೆರಾ ಮೆನ್‌ಚಿಕ್ ಕ್ಲಬ್’ ಕಟ್ಟೋಣ ಎಂದರಂತೆ. ಡ್ರಾ ಮಾಡಿಕೊಂಡವರಿಗೆ ಪೂರ್ಣ ಸದಸ್ಯತ್ವವಿಲ್ಲ, ಅವರು ಉಮೇದುವಾರರು ಮಾತ್ರ ಎಂಬ ಮಾತೂ ಆ ಕಥೆಯಲ್ಲಿ ಸೇರಿಕೊಂಡಿದೆ. ಕ್ಲಬ್ಬಿನ ಮೊದಲ ಸದಸ್ಯರಾದವರು ಸ್ವತಃ ಬೆಕರ್.

ಆ ಟೂರ್ನಿಯಲ್ಲಿ ಮೆನ್‌ಚಿಕ್ 21 ಆಟಗಳಲ್ಲಿ 3 ಅಂಕ ಗಳಿಸಿ ಕೊನೆಯಲ್ಲಿ ಉಳಿದರು: ಎರಡು ಗೆಲುವು, ಎರಡು ಡ್ರಾ. ಆದರೆ ಮುಂದಿನ ವರ್ಷಗಳಲ್ಲಿ ಕ್ಲಬ್ ಬೆಳೆಯಿತು. ನಂತರ ವಿಶ್ವ ಚಾಂಪಿಯನ್ ಆದ ಮ್ಯಾಕ್ಸ್ ಯೂವೆ ಕೂಡ ಅದಕ್ಕೆ ಸೇರಿದರು.

ಈ ಕಥೆಯನ್ನು ಚೆಸ್ ಪುಸ್ತಕಗಳು ನಗೆಹನಿಯ ಹಾಗೆ ಹೇಳುತ್ತವೆ. ನನಗೆ ಅದರಲ್ಲಿ ಕಾಣುವುದು ಅರ್ಧ ಅಂಕದ ಇನ್ನೊಂದು ಮುಖ. ಸಮಬಲದ ಗಂಡಸಿನ ಜೊತೆ ಡ್ರಾ ಆದರೆ ಅದು ಒಂದು ದಿನದ ಕೆಲಸ. ಹೆಂಗಸಿನ ಜೊತೆ ಡ್ರಾ ಆದರೆ ಅದು ಅರ್ಧ ಅವಮಾನ. ಮೆನ್‌ಚಿಕ್ ಕಡೆಯಿಂದ ನೋಡಿದರೆ, ತಾವು ಗಳಿಸಿದ ಪ್ರತಿ ಅರ್ಧವೂ ಮೊದಲು ಎದುರಾಳಿಯ ಸಂಕೋಚವಾಗಿ ದಾಖಲಾಗಬೇಕಿತ್ತು. ಅಂಕಪಟ್ಟಿಗೆ ಇದು ಕಾಣುವುದಿಲ್ಲ. ಅದು ಎಲ್ಲರಿಗೂ ½ ಎಂದೇ ಬರೆಯುತ್ತದೆ. ಒಂದು ರೀತಿಯಲ್ಲಿ ಅದೇ ಅದರ ನ್ಯಾಯ. ಕೋಣೆಯಲ್ಲಿ ಎಷ್ಟೇ ನಗೆಯಿದ್ದರೂ ಪಟ್ಟಿ ನಗುವುದಿಲ್ಲ.

ಮೆನ್‌ಚಿಕ್ ಕೊನೆಯವರೆಗೂ ವಿಶ್ವ ಚಾಂಪಿಯನ್ ಆಗಿಯೇ ಉಳಿದರು. 1944ರ ಜೂನ್‌ನಲ್ಲಿ ಲಂಡನ್ನಿನ ಅವರ ಮನೆಯ ಮೇಲೆ ಜರ್ಮನಿಯ ಹಾರುಬಾಂಬು ಬಿದ್ದು, ತಾಯಿ ಮತ್ತು ತಂಗಿಯ ಜೊತೆ ತೀರಿಕೊಂಡರು.

*

ಇನ್ನೊಂದು ಡ್ರಾ. 1931ರ ಪ್ರಾಗ್ ಒಲಿಂಪಿಯಾಡ್. ಫ್ರಾನ್ಸಿನ ಮೊದಲ ಹಲಗೆಯಲ್ಲಿ ವಿಶ್ವ ಚಾಂಪಿಯನ್ ಅಲೆಕ್ಸಾಂಡರ್ ಅಲೆಖಿನ್. ಅದರ ಹಿಂದಿನ ವರ್ಷ ಸ್ಯಾನ್ ರೆಮೊ ಟೂರ್ನಿಯಲ್ಲಿ 15 ಆಟಗಳಿಂದ 14 ಅಂಕ ಗಳಿಸಿದ್ದವರು. ಇಂಗ್ಲೆಂಡಿನ ಮೊದಲ ಹಲಗೆಯಲ್ಲಿ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಅವರಿಬ್ಬರ ಆಟ ಡ್ರಾ ಆಯಿತು.

ಆಗ ರೇಟಿಂಗ್ ಇರಲಿಲ್ಲ. ಅಂತರವನ್ನು ಬೇರೆ ಬಗೆಯಲ್ಲಿ ಅಳೆಯಬೇಕು. ಸುಲ್ತಾನ್ ಖಾನ್ ಬೆಳೆದದ್ದು ಭಾರತೀಯ ನಿಯಮಗಳ ಚದುರಂಗದಲ್ಲಿ. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುವ ಆಟ ಅದು. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರ ಆಶ್ರಯದಲ್ಲಿದ್ದ ಅವರು 1929ರಲ್ಲಿ ಅವರ ಜೊತೆ ಇಂಗ್ಲೆಂಡಿಗೆ ಹೋದರು. ಯುರೋಪಿನ ಆಟಗಾರರು ಬಾಲ್ಯದಿಂದ ಓದಿಕೊಂಡು ಬಂದ ಆರಂಭದ ನಡೆಗಳ ಪಾಂಡಿತ್ಯ ಅವರಿಗಿರಲಿಲ್ಲ. ಅಂದರೆ ಪ್ರತಿ ಆಟದ ಮೊದಲ ಹತ್ತು ಹದಿನೈದು ನಡೆಗಳಲ್ಲಿ ಎದುರಾಳಿಗೆ ಗೊತ್ತಿದ್ದುದನ್ನು ಅವರು ಹಲಗೆಯ ಮುಂದೆ ಕೂತೇ ಕಂಡುಕೊಳ್ಳಬೇಕಿತ್ತು. ಆ ಅಂತರವನ್ನು ತುಂಬಿಕೊಂಡು ಅಲೆಖಿನ್ ಜೊತೆ ಸಮ ಮಾಡಿಕೊಳ್ಳುವುದು ಎಂಥ ಕೆಲಸ ಎಂದು ಯೋಚಿಸಿ ನೋಡಿ.

ಹೋದ ವರ್ಷವೇ, 1929ರಲ್ಲಿ, ಅವರು ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ. 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಕಪಾಬ್ಲಾಂಕಾರನ್ನು ಸೋಲಿಸಿದರು. 1933ರ ಕೊನೆಗೆ ಉಮರ್ ಹಯಾತ್ ಖಾನ್ ಊರಿಗೆ ಮರಳಿದರು, ಜೊತೆಗೆ ಸುಲ್ತಾನ್ ಖಾನ್ ಕೂಡ. ಅಂತರರಾಷ್ಟ್ರೀಯ ಚೆಸ್‌ನಲ್ಲಿ ಅವರ ಬದುಕು ಅಲ್ಲಿಗೆ ಮುಗಿಯಿತು. 1950ರಲ್ಲಿ ಫಿಡೆ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಅಧಿಕೃತವಾಗಿ ಕೊಡಲು ಶುರುಮಾಡಿದಾಗ ಆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. 1966ರಲ್ಲಿ ಪಾಕಿಸ್ತಾನದಲ್ಲಿ ತೀರಿಕೊಂಡರು. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಂದದ್ದು 2024ರಲ್ಲಿ.

ಈಗ ಎರಡು ಡ್ರಾಗಳನ್ನೂ ಪಕ್ಕಪಕ್ಕ ಇಡೋಣ. ರೇಕ್ಯಾವಿಕ್‌ನ ಡ್ರಾ ಇಂದು ಒಂದು ದಂತಕಥೆ. ಕಾರ್ಲ್‌ಸನ್ ಬಗ್ಗೆ ಯಾರೇ ಬರೆಯಲಿ, ಅಲ್ಲಿಂದ ಶುರು. ಪ್ರಾಗ್‌ನ ಡ್ರಾ ಟೂರ್ನಿಯ ಪಟ್ಟಿಯಲ್ಲಿ ಒಂದು ಗುರುತು. ಅಲೆಖಿನ್ ಜೊತೆ ಡ್ರಾ ಮಾಡಿಕೊಳ್ಳುವುದು ಸುಲಭವಾಗಿತ್ತು ಎಂದು ಇದರ ಅರ್ಥವಲ್ಲ. ವ್ಯತ್ಯಾಸ ಇರುವುದು ಮುಂದೆ ಏನಾಯಿತು ಎನ್ನುವುದರಲ್ಲಿ. ಕಾರ್ಲ್‌ಸನ್ 2010ರ ಜನವರಿಯಲ್ಲಿ ಜಗತ್ತಿನ ಒಂದನೇ ನಂಬರ್ ಆದ. 2013ರ ನವೆಂಬರಿನಲ್ಲಿ ಚೆನ್ನೈನಲ್ಲಿ ವಿಶ್ವನಾಥನ್ ಆನಂದ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಆ ಮೇಲೆ ನಾವು ಹಿಂದಿರುಗಿ ನೋಡಿ 2004ರ ಡ್ರಾವನ್ನು ಮುನ್ಸೂಚನೆ ಎಂದೆವು. ಸುಲ್ತಾನ್ ಖಾನ್‌ಗೆ ಆ ‘ಮುಂದೆ’ ಇರಲಿಲ್ಲ, ಇನ್ನೊಬ್ಬರ ಪ್ರಯಾಣದ ಜೊತೆಗೆ ಅದು ಮುಗಿದುಹೋಗಿತ್ತು. ಹೀಗಾಗಿ ಅವರ ಡ್ರಾ ಯಾವುದರ ಮುನ್ಸೂಚನೆಯೂ ಆಗಲಿಲ್ಲ.

*

ಈ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯದಲ್ಲಿ, ಮುಂದೆ ದೊಡ್ಡ ಹೆಸರು ಮಾಡಿದ ಮುದ್ರಕರೊಬ್ಬರು ತರುಣರಾಗಿದ್ದಾಗ ಬರೆದ ಪುಟ್ಟ ಪತ್ರವೊಂದನ್ನು ಎತ್ತಿಕೊಂಡಿದ್ದೆ. ಕಾಗದದ ಬೆಲೆಯ ಬಗ್ಗೆ ಅಂಗಡಿಯವರಿಗೆ ಬರೆದ ಪತ್ರ, ಅಷ್ಟೇ. ನಾನು ಅದರಲ್ಲಿ ಅವರ ಮುಂದಿನ ಸಾಧನೆಯ ಬೀಜವನ್ನೇ ಕಂಡು ಎರಡು ಪುಟ ಬರೆದಿದ್ದೆ. ಕರಡು ಓದಿದ ನಮ್ಮ ಗೈಡ್ ಆ ಪುಟಗಳ ಹತ್ತಿರ ಬೆರಳಿಟ್ಟು, “ಇದನ್ನು ಬರೆಯುವಾಗ ಅವರಿಗೆ ಮುಂದೆ ಏನಾಗುತ್ತೆ ಅಂತ ಗೊತ್ತಿತ್ತಾ?” ಎಂದರು. “ಇಲ್ಲ ಸರ್” ಎಂದೆ. “ಮತ್ತೆ ನೀವ್ಯಾಕೆ ಗೊತ್ತಿದ್ದವರ ಹಾಗೆ ಬರೆದಿದ್ದೀರಿ?” ಎಂದು ಪುಟ ತಿರುಗಿಸಿದರು.

ಆ ಎರಡು ಪುಟ ತೆಗೆದುಹಾಕಿದೆ. ಆದರೆ ಪ್ರಶ್ನೆ ಉಳಿಯಿತು. ಆ ವಾರವೇ ರೇಕ್ಯಾವಿಕ್‌ನ ವಿಡಿಯೊವನ್ನು ಮತ್ತೊಮ್ಮೆ ನೋಡಿದಾಗ ನನಗೆ ಹೊಳೆದದ್ದು ಇದು: ಆ ಕೋಣೆಯಲ್ಲಿ ಇದ್ದ ಯಾರಿಗೂ 2013 ಗೊತ್ತಿರಲಿಲ್ಲ. ಹುಡುಗ ಪ್ರತಿಭಾವಂತ ಎಂಬುದು ತಿಳಿದಿತ್ತು. ಆ ವರ್ಷದ ಜನವರಿಯಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀಯಲ್ಲಿ ತನ್ನ ಗುಂಪಿನ ಟೂರ್ನಿಯನ್ನು ಅವನು ಗೆದ್ದಿದ್ದ. ರೇಕ್ಯಾವಿಕ್‌ನಲ್ಲೇ ಹಿಂದಿನ ದಿನ ಬ್ಲಿಟ್ಜ್ ಆಟದಲ್ಲಿ ಕಾರ್ಪೋವ್‌ರನ್ನು ಸೋಲಿಸಿದ್ದ. ಆದರೆ ಪ್ರತಿಭಾವಂತ ಹುಡುಗರು ಚೆಸ್‌ಗೆ ಹೊಸಬರಲ್ಲ. ಬೆಳಗಿ ಆರಿಹೋದವರು, ಓದಿಗೋ ನೌಕರಿಗೋ ಹೋದವರು, ಚೆನ್ನಾಗಿ ಆಡುತ್ತಲೇ ಸಾಮಾನ್ಯ ಗ್ರ್ಯಾಂಡ್‌ಮಾಸ್ಟರ್ ಆಗಿ ಉಳಿದವರು ಬಹಳ. ಅವರಲ್ಲೂ ಕೆಲವರು ಎಂದೋ ಒಂದು ದಿನ ದೊಡ್ಡವರ ಜೊತೆ ಡ್ರಾ ಮಾಡಿಕೊಂಡಿರುತ್ತಾರೆ. ಆ ಆಟಗಳೂ ದತ್ತಾಂಶ ಕೋಶಗಳಲ್ಲಿ ಇವೆ, ಅದೇ ½ ಗುರುತಿನೊಂದಿಗೆ. ಅವನ್ನು ತೆರೆದು ನೋಡುವವರಿಲ್ಲ.

ರೇಕ್ಯಾವಿಕ್‌ನಲ್ಲೇ ಇನ್ನೊಂದು ಆಟ ಇದೆ. ಆ ಸುತ್ತಿನಲ್ಲಿ ಇಬ್ಬರೂ ಎರಡು ಆಟ ಆಡಬೇಕಿತ್ತು. ಎರಡನೆಯದನ್ನು ಕ್ಯಾಸ್ಪರೋವ್ ಗೆದ್ದರು, ಕಾರ್ಲ್‌ಸನ್ ಟೂರ್ನಿಯಿಂದ ಹೊರಬಿದ್ದ. ಆ ಆಟದ ನೆನಪು ಯಾರಿಗಿದೆ? ಇಲೊ ಲೆಕ್ಕಕ್ಕೆ ಮಾತ್ರ ಎರಡೂ ಬೇಕು. ಎರಡೂ ಸೇರಿ ಕ್ಯಾಸ್ಪರೋವ್‌ಗೆ ಒಂದೂವರೆ, ಹುಡುಗನಿಗೆ ಅರ್ಧ. ಅಂದರೆ ಬಲದ ಅಂತರ ಎಷ್ಟಿರಬೇಕಿತ್ತೋ ಸುಮಾರು ಅಷ್ಟೇ ಇತ್ತು. ಅದ್ಭುತವೇನೂ ನಡೆಯಲಿಲ್ಲ ಎಂದು ವಾದಿಸುವುದಾದರೆ ಆ ವಾದಕ್ಕೂ ಇದೇ ಅಂಕಪಟ್ಟಿ ಸಾಕ್ಷಿ.

ಹಾಗೆಂದು ಆ ಡ್ರಾ ಸಣ್ಣದಾಗುವುದಿಲ್ಲ. ನನ್ನ ಮಟ್ಟಿಗೆ ಅದು ಇನ್ನೂ ದೊಡ್ಡದಾಗುತ್ತದೆ. ಭವಿಷ್ಯದ ಬೆಂಬಲವಿಲ್ಲದೆ, ಗೆಲ್ಲುವ ಗ್ಯಾರಂಟಿಯಿಲ್ಲದೆ, ತನಗಿಂತ ತುಂಬ ಬಲವಾದ ಎದುರಾಳಿಯ ಮುಂದೆ ಕೂತು, ಒಂದೊಂದೇ ಸರಿಯಾದ ನಡೆ ಹುಡುಕುತ್ತ 52ರವರೆಗೆ ಹೋಗುವುದು. ಅಷ್ಟೇ ಅಲ್ಲಿ ನಡೆದದ್ದು. ಪ್ರಾಗ್‌ನಲ್ಲಿ ಸುಲ್ತಾನ್ ಖಾನ್ ಮಾಡಿದ್ದೂ ಅದನ್ನೇ. ಕಾರ್ಲ್ಸ್‌ಬಾದ್‌ನಲ್ಲಿ ಮೆನ್‌ಚಿಕ್ ಎರಡು ಸಲ ಮಾಡಿದ್ದೂ ಅದನ್ನೇ. ಅವರ ಆಟಗಳನ್ನು ಅಳೆಯಲು ಮುಂದಿನ ಕಿರೀಟ ಬೇಕಿಲ್ಲ.

ಕ್ಯಾಸ್ಪರೋವ್ ಮರುವರ್ಷ, 2005ರ ಮಾರ್ಚ್‌ನಲ್ಲಿ, ಸ್ಪೇನಿನ ಲಿನಾರೆಸ್ ಟೂರ್ನಿ ಗೆದ್ದು ವೃತ್ತಿಪರ ಚೆಸ್‌ನಿಂದ ನಿವೃತ್ತರಾದರು. 2009ರಲ್ಲಿ ಅವರೇ ಸ್ವಲ್ಪ ಕಾಲ ಕಾರ್ಲ್‌ಸನ್‌ಗೆ ತರಬೇತಿ ಕೊಟ್ಟರು. ನಾನು ಆ ವಿಡಿಯೊವನ್ನು ಇನ್ನೊಮ್ಮೆ ನೋಡುವುದಾದರೆ, ಈ ಮುಂದಿನದನ್ನೆಲ್ಲ ಸ್ವಲ್ಪ ಹೊತ್ತು ಬದಿಗಿಟ್ಟು ನೋಡಬೇಕು ಎಂದುಕೊಂಡಿದ್ದೇನೆ. ಒಬ್ಬ ಹುಡುಗ ಎದ್ದು ಪಕ್ಕದ ಮೇಜಿನ ಆಟ ನೋಡಲು ಹೋಗುತ್ತಾನೆ. ಕಪ್ಪುಕಾಯಿಯವರ ಗಡಿಯಾರ ಓಡುತ್ತಿದೆ.